ಸ್ವಯಂಚಾಲಿತ ಸ್ಕಾರ್ಟ್ ಸ್ವಿಚ್: ಚಿತ್ರ ಚೆನ್ನ, ಸದ್ದಿನದೇ ತಕರಾರು

ಮೊದಲ ಪ್ಲೇಸ್ಟೇಷನ್ ಆನ್ ಆದೊಡನೆ ಪರದೆಯೆಲ್ಲ ಬೆಳ್ಳಗಾಗಿ ಸೋನಿಯ ಲಾಂಛನ ಮೂಡುತ್ತದೆ, ಆಮೇಲೆ ಪರದೆ ಕಪ್ಪಾಗಿ ಪಿಎಸ್ ಚಿಹ್ನೆ ಬರುತ್ತದೆ. ಬಿಳಿ ಪರದೆ ಇರುವಷ್ಟು ಹೊತ್ತು ನನ್ನ ಸ್ಪೀಕರ್‌ಗಳು ಗುಂಯ್‌ಗುಡುತ್ತಿದ್ದವು, ಕಪ್ಪು ಪರದೆ ಬಂದ ಕ್ಷಣಕ್ಕೆ ಸುಮ್ಮನಾಗುತ್ತಿದ್ದವು. ಹಲವು ಹಳೆಯ ಆಟದ ಯಂತ್ರಗಳನ್ನು ಒಂದೇ ಟಿವಿಗೆ ಸೇರಿಸುವ, ಎಂಟು ಒಳದಾರಿಗಳಿರುವ ಸ್ವಯಂಚಾಲಿತ ಸ್ಕಾರ್ಟ್ (ಚಿತ್ರ, ಧ್ವನಿ ಎರಡನ್ನೂ ಒಯ್ಯುವ ಅಗಲ ಟಿವಿ ಪ್ಲಗ್) ಸ್ವಿಚ್ ಪೆಟ್ಟಿಗೆಯೊಂದನ್ನು ಕೆಲವು ವರ್ಷಗಳಿಂದ ಬಳಸುತ್ತಿರುವ ನಾನು ಈ ವಿಮರ್ಶೆ ಬರೆಯಲು ಮುಖ್ಯ ಕಾರಣ ಆ ಸದ್ದು. ಪೆಟ್ಟಿಗೆಯ ಹೆಸರು ಹೇಳುವುದರಿಂದ ಪ್ರಯೋಜನವಿಲ್ಲ. ಒಳಗಿನ ಸರ್ಕ್ಯೂಟ್ ಬೋರ್ಡ್ ಹೆಚ್ಚುಕಡಿಮೆ ಅದೇ ಆಗಿರುವ ಪೆಟ್ಟಿಗೆಗಳು ಬೇರೆ ಬೇರೆ ಲೇಬಲ್ ಅಂಟಿಸಿಕೊಂಡು ಮಾರಾಟವಾಗುತ್ತವೆ, ಮತ್ತು ನಾನು ಹೇಳಹೊರಟಿರುವ ದೋಷ ಈ ದರ್ಜೆಯ ಬಹುತೇಕ ಪೆಟ್ಟಿಗೆಗಳಿಗೆ ಅನ್ವಯಿಸುತ್ತದೆ.

ಇದಕ್ಕೆ ಜೋಡಿಸಿರುವುದು ಸೂಪರ್ ಫ್ಯಾಮಿಕಾಮ್, ಮೆಗಾ ಡ್ರೈವ್, ಸ್ಯಾಟರ್ನ್, ಪ್ಲೇಸ್ಟೇಷನ್ ಮತ್ತು ಪ್ಲೇಸ್ಟೇಷನ್ 2. ಈ ಐದೂ ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಬೇರೆ ಬೇರೆ ತಂತಿಗಳಲ್ಲಿ, ಅಂದರೆ ಆರ್‌ಜಿಬಿಯಾಗಿ, ಕಳುಹಿಸಬಲ್ಲ ಯಂತ್ರಗಳು. ಬೆಳಕು ಮತ್ತು ಬಣ್ಣ ಎರಡನ್ನೂ ಒಂದೇ ತಂತಿಯಲ್ಲಿ ಕಲಸಿ ಕಳುಹಿಸುವ ಹಳದಿ ತುದಿಯ ಕಾಂಪೊಸಿಟ್ ಕೇಬಲ್‌ನಿಂದ ಆರ್‌ಜಿಬಿಗೆ ಬಂದವರಿಗೆ ಮೊದಲ ದಿನದ ಬೆರಗನ್ನು ವಿವರಿಸಬೇಕಾಗಿಲ್ಲ. ಈ ವಿಷಯದಲ್ಲಿ ಪೆಟ್ಟಿಗೆಯ ಮೇಲೆ ನನ್ನ ದೂರಿಲ್ಲ. ಅಕ್ಷರಗಳ ಅಂಚು ಚೂಪಾಗಿದೆ, ಕೆಂಪು ಬಣ್ಣ ಪಕ್ಕಕ್ಕೆ ಸೋರುವುದಿಲ್ಲ. ಆದರೆ ಚಿತ್ರ ಇಷ್ಟು ಶುದ್ಧವಾದಾಗ ಕಳೆದುಕೊಳ್ಳುವುದೂ ಒಂದಿದೆ. 1991ರ ಸೋನಿಕ್ ಆಟದ ಜಲಪಾತಗಳನ್ನು ಲಂಬವಾದ ಸಣ್ಣ ಗೆರೆಗಳಿಂದ ಚಿತ್ರಿಸಲಾಗಿದೆ. ಕಾಂಪೊಸಿಟ್ ಕೇಬಲ್‌ನ ಮಸುಕಿನಲ್ಲಿ ಆ ಗೆರೆಗಳು ಒಂದರೊಳಗೊಂದು ಕರಗಿ ನೀರು ಪಾರದರ್ಶಕವಾಗಿ ತೋರುತ್ತಿತ್ತು. ಆರ್‌ಜಿಬಿಯಲ್ಲಿ ಗೆರೆ ಗೆರೆಯಾಗಿಯೇ ಕಾಣುತ್ತದೆ. ಇದಕ್ಕೆ ಪೆಟ್ಟಿಗೆಯನ್ನಾಗಲಿ ಕೇಬಲ್ಲನ್ನಾಗಲಿ ದೂರುವಂತಿಲ್ಲ.

ಸದ್ದಿನ ವಿಷಯ ಹಾಗಲ್ಲ. ಸ್ಪೀಕರ್‌ನ ಗುಂಯ್‌ಗುಟ್ಟುವಿಕೆಯಲ್ಲಿ ಎರಡು ಬಗೆಗಳಿವೆ, ಅವನ್ನು ಬೇರ್ಪಡಿಸಿಕೊಳ್ಳದೆ ಪರಿಹಾರ ಹುಡುಕಿದರೆ ದುಡ್ಡು ಮಾತ್ರ ಖರ್ಚಾಗುತ್ತದೆ. ಪರದೆಯಲ್ಲಿ ಏನೇ ಇದ್ದರೂ ಒಂದೇ ಮಟ್ಟದಲ್ಲಿ ಕೇಳಿಸುವ ದಪ್ಪ ಸದ್ದು ಸಾಮಾನ್ಯವಾಗಿ ವಿದ್ಯುತ್ ಸಂಪರ್ಕದ ಅರ್ಥಿಂಗ್ ದೋಷದಿಂದ ಬರುವಂಥದ್ದು. ಉಪಕರಣಗಳನ್ನೆಲ್ಲ ಒಂದೇ ಪ್ಲಗ್ ಪಟ್ಟಿಗೆ ಸೇರಿಸಿದರೆ ಎಷ್ಟೋ ಸಲ ಅದು ಹೋಗಿಬಿಡುತ್ತದೆ. ನನ್ನಲ್ಲಿದ್ದದ್ದು ಎರಡನೆಯ ಬಗೆ, ಚಿತ್ರದೊಂದಿಗೆ ಏರಿಳಿಯುವ ಸದ್ದು. ಆರ್‌ಜಿಬಿಯ ಪ್ರತಿ ತಂತಿಯಲ್ಲಿ ಕಪ್ಪಿಗೆ ಸೊನ್ನೆ ವೋಲ್ಟ್, ಪೂರ್ಣ ಬಿಳಿಗೆ ಸುಮಾರು 0.7 ವೋಲ್ಟ್ ಇರುತ್ತದೆ. ಪರದೆ ಬೆಳ್ಳಗಾದಷ್ಟೂ ಮೂರು ತಂತಿಗಳಲ್ಲಿಯೂ ಸಂಕೇತ ಜೋರಾಗುತ್ತದೆ. ಸ್ಕಾರ್ಟ್ ಕೇಬಲ್‌ನ 21 ಪಿನ್‌ಗಳಲ್ಲಿ ಚಿತ್ರದ ತಂತಿಗಳೂ ಧ್ವನಿಯ ತಂತಿಗಳೂ ಒಂದೇ ಕವಚದೊಳಗೆ ಮೈಗೆ ಮೈ ತಾಗಿಸಿಕೊಂಡು ಬರುವುದರಿಂದ, ನಡುವೆ ರಕ್ಷಾಪೊರೆ ಇಲ್ಲದಿದ್ದರೆ ಚಿತ್ರದ ಮಿಡಿತ ಧ್ವನಿಗೆ ತಗುಲುತ್ತದೆ. ಪ್ಲೇಸ್ಟೇಷನ್‌ನ ಬಿಳಿ ಪರದೆ ಈ ದೋಷವನ್ನು ಪತ್ತೆ ಹಚ್ಚಲು ಎಷ್ಟು ಒಳ್ಳೆಯ ಉಪಾಯವೆಂದರೆ, ಈಗಲೂ ಯಾವ ಕೇಬಲ್ ಬದಲಿಸಿದರೂ ನಾನು ಮೊದಲು ಮಾಡುವ ಪರೀಕ್ಷೆ ಅದೇ: ಡಿಸ್ಕ್ ಹಾಕದೆ ಯಂತ್ರವನ್ನು ಆನ್ ಮಾಡುವುದು, ಧ್ವನಿಯನ್ನು ಸಾಮಾನ್ಯಕ್ಕಿಂತ ಹೆಚ್ಚಿಸಿ ಕಿವಿಗೊಡುವುದು.

ಮೊದಮೊದಲು ನಾನು ಪೆಟ್ಟಿಗೆಯನ್ನೇ ಬೈಯುತ್ತಿದ್ದೆ, ಬೈಯಲು ಕಾರಣವೂ ಇತ್ತು. ಮೆಗಾ ಡ್ರೈವ್‌ನಲ್ಲಿ ಸೋನಿಕ್ ಆಟವನ್ನು ನಿಲ್ಲಿಸಿಟ್ಟು ಸ್ಯಾಟರ್ನ್ ಕಡೆ ಹೊರಳಿದರೆ, ಸ್ಯಾಟರ್ನ್‌ನ ಕತ್ತಲೆಯ ದೃಶ್ಯಗಳ ಮೇಲೆ ನೀಲಿ ಆಕಾಶದ ತೆಳು ನೆರಳೊಂದು ಜಾರುತ್ತಿತ್ತು. ಆಯ್ಕೆಯಾಗದ ಒಳದಾರಿಯ ಚಿತ್ರ ಪೆಟ್ಟಿಗೆಯೊಳಗಿಂದಲೇ ಸೋರುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಪ್ಲೇಸ್ಟೇಷನ್ನನ್ನು ಪೆಟ್ಟಿಗೆಯಿಲ್ಲದೆ ನೇರವಾಗಿ ಟಿವಿಗೆ ಜೋಡಿಸಿ ನೋಡಿದಾಗ ಗುಂಯ್‌ಗುಟ್ಟುವಿಕೆ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಉಳಿದ ಪಾಲು ತೆಳ್ಳನೆಯ ಅಗ್ಗದ ಕೇಬಲ್‌ನದ್ದು. ಅಲ್ಲಿಂದಾಚೆ ಪೆಟ್ಟಿಗೆಯ ಮೇಲಿನ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ಪ್ರತಿ ಸಂಕೇತಕ್ಕೂ ಪ್ರತ್ಯೇಕ ಪೊರೆಯಿರುವ ಕೇಬಲ್‌ಗಳನ್ನು ಒಂದೊಂದಾಗಿ ಕೊಂಡು ಬದಲಿಸುತ್ತಾ ಹೋದಂತೆ ಸದ್ದು ಸ್ಪೀಕರ್‌ಗೆ ಕಿವಿ ಹಚ್ಚಿದರೆ ಮಾತ್ರ ಕೇಳಿಸುವಷ್ಟಕ್ಕೆ ಇಳಿಯಿತು. ಅದರ ಜೊತೆಗೆ, ಸಪಾಟಾದ ಬಣ್ಣಗಳ ಮೇಲೆ ಚದುರಂಗದ ಹಲಗೆಯಂತೆ ಕಾಣುತ್ತಿದ್ದ ಸಣ್ಣ ಚೌಕಗಳೂ ಮಾಯವಾದವು. ಚಿತ್ರದ ಪ್ರತಿ ಗೆರೆ ಎಲ್ಲಿ ಶುರುವಾಗಬೇಕೆಂದು ಟಿವಿಗೆ ಹೇಳುವ ಸಿಂಕ್ ಸಂಕೇತಕ್ಕಾಗಿ ಕಾಂಪೊಸಿಟ್ ವಿಡಿಯೊವನ್ನೇ ಬಳಸುವ ಕೇಬಲ್‌ಗಳಲ್ಲಿ ಬಣ್ಣದ ಮಾಹಿತಿ ಪಕ್ಕದ ತಂತಿಗಳಿಗೆ ತಗುಲಿ ಈ ಚೌಕಗಳು ಮೂಡುತ್ತವೆ; ಸಿಂಕ್ ಮಾತ್ರ ಇರುವ ಶುದ್ಧ ತಂತಿಯ ಕೇಬಲ್‌ನಲ್ಲಿ ಆ ತೊಂದರೆಯಿಲ್ಲ. ಕೇಬಲ್‌ಗಳಿಗೆ ಒಟ್ಟಾರೆ ಖರ್ಚಾದದ್ದು ಪೆಟ್ಟಿಗೆಯ ಬೆಲೆಗಿಂತ ಹೆಚ್ಚು ಎಂಬುದನ್ನು ಕೊಳ್ಳುವವರು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಒಳ್ಳೆಯ ಕೇಬಲ್‌ಗಳಿಗೂ ಒಂದು ಹಠವಿದೆ: ಅವು ದಪ್ಪ, ಬಿರುಸು, ಸುಲಭವಾಗಿ ಬಾಗುವುದಿಲ್ಲ. ಸ್ಕಾರ್ಟ್ ಪ್ಲಗ್ ಮೊದಲೇ ಸಡಿಲ ಸ್ವಭಾವದ್ದು, ಕೇಬಲ್‌ನ ಭಾರಕ್ಕೆ ಒಂದು ಬದಿ ಕಳಚಿಕೊಂಡರೆ ಒಂದು ಬಣ್ಣವೇ ಹಾರಿಹೋಗಿ ಪರದೆಯೆಲ್ಲ ಹಳದಿಗೋ ನೇರಳೆಗೋ ತಿರುಗುತ್ತದೆ. ಅದಕ್ಕಾಗಿ ಪೆಟ್ಟಿಗೆಯ ಹಿಂದೆ ಮರದ ಪಟ್ಟಿಯೊಂದನ್ನು ಅಡ್ಡವಾಗಿ ಹೊಡೆದು, ಕೇಬಲ್‌ಗಳ ಭಾರವೆಲ್ಲ ಅದರ ಮೇಲೆ ಬೀಳುವಂತೆ ಬಟ್ಟೆಯ ಪಟ್ಟಿಗಳಿಂದ ಕಟ್ಟಿದ್ದೇನೆ. ಸ್ಯಾಟರ್ನ್ ಮಾತ್ರ ಕಪಾಟಿನ ತುದಿಯಲ್ಲಿ, ಹಿಂಬದಿಗೆ ಕೈ ಹೋಗುವಂತೆ ಓರೆಯಾಗಿ ಕೂತಿದೆ. ಅದರ ಹಿಂಬದಿಯ ಮುಚ್ಚಳದೊಳಗಿನ ಸಿಆರ್ 2032 ಬ್ಯಾಟರಿ ಸತ್ತರೆ ಯಂತ್ರದೊಳಗೆ ಉಳಿಸಿಟ್ಟ ಆಟಗಳೂ ಹೋಗುತ್ತವೆ, ಆನ್ ಮಾಡಿದಾಗಲೆಲ್ಲ ಭಾಷೆ, ದಿನಾಂಕ, ಸಮಯ ಕೇಳಿ ಕಾಡುತ್ತದೆ. ಬ್ಯಾಟರಿ ಬದಲಿಸಲು ಇಡೀ ಕಪಾಟನ್ನು ಎಳೆಯಬೇಕಾದ ಜೋಡಣೆ ಯಾರಿಗೂ ಬೇಡ.

ಇನ್ನು ಸ್ವಯಂಚಾಲಿತ ಎಂಬ ಹೆಗ್ಗಳಿಕೆಯ ಮಾತು. ಒಂದೇ ಯಂತ್ರ ಆನ್ ಆಗಿದ್ದರೆ ಪೆಟ್ಟಿಗೆ ಅದನ್ನು ಗುರುತಿಸಿ ಪರದೆಗೆ ತರುತ್ತದೆ, ತಪ್ಪುವುದಿಲ್ಲ. ಎರಡು ಆನ್ ಆಗಿದ್ದರೆ ಕಡಿಮೆ ಸಂಖ್ಯೆಯ ಒಳದಾರಿಯೇ ಗೆಲ್ಲುತ್ತದೆ, ನಮ್ಮ ಇಷ್ಟವನ್ನು ಕೇಳುವ ಗುಂಡಿ ಈ ಮಾದರಿಯಲ್ಲಿಲ್ಲ. ಎರಡು ಯಂತ್ರಗಳನ್ನು ಒಟ್ಟಿಗೆ ಯಾರು ಆನ್ ಮಾಡುತ್ತಾರೆ ಎಂದು ತಯಾರಕರು ಅಂದುಕೊಂಡಿರಬೇಕು. ಹಳೆಯ ಕಾರ್ಟ್ರಿಡ್ಜ್ ಆಟಗಳನ್ನು ಆಡುವವರಿಗೆ ಉತ್ತರ ಗೊತ್ತಿದೆ: ಆ ಸೋನಿಕ್‌ನಲ್ಲಿ ಆಟವನ್ನು ಉಳಿಸಿಡುವ ವ್ಯವಸ್ಥೆಯೇ ಇಲ್ಲ, ಅರ್ಧ ಆಡಿ ಎದ್ದು ಹೋಗಬೇಕಾದರೆ ಯಂತ್ರವನ್ನು ಹಾಗೆಯೇ ಬಿಡಬೇಕು, ಅಷ್ಟರಲ್ಲಿ ಮನೆಯ ಇನ್ನೊಬ್ಬರು ಪ್ಲೇಸ್ಟೇಷನ್ 2ಕ್ಕೆ ಕೈ ಹಾಕಿರುತ್ತಾರೆ. ಆದ್ದರಿಂದ ಒಳದಾರಿಗಳನ್ನು ಯಂತ್ರಗಳ ವಯಸ್ಸಿನ ಕ್ರಮದಲ್ಲಿ ಜೋಡಿಸದೆ, ನಿಲ್ಲಿಸಿಡುವ ಅಭ್ಯಾಸವಿರುವ ಯಂತ್ರಗಳನ್ನು ಕೊನೆಯ ಸಂಖ್ಯೆಗಳಿಗೂ, ಮೆಮೊರಿ ಕಾರ್ಡ್ ಇರುವವುಗಳನ್ನು ಮೊದಲ ಸಂಖ್ಯೆಗಳಿಗೂ ಹಾಕಿದೆ. ಹೀಗೆ ಜೋಡಿಸಿದ ಮೇಲೆ ಜಗಳ ನಿಂತಿದೆ. ಸಂಜೆ ಪ್ಲಗ್ ಪಟ್ಟಿಯ ಗುಂಡಿ, ಆಮೇಲೆ ಟಿವಿ, ಪಿಕ್ಚರ್ ಟ್ಯೂಬ್ ಕಾಯುವಷ್ಟರಲ್ಲಿ ಕಾರ್ಟ್ರಿಡ್ಜ್‌ನ ಲೋಹದ ಹಲ್ಲುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಯ ಕಡ್ಡಿಯಿಂದ ಒರೆಸುವುದು, ಕೊನೆಗೆ ಕನ್ಸೋಲ್: ಈ ಕ್ರಮದಲ್ಲಿ ಪೆಟ್ಟಿಗೆಯನ್ನು ಮುಟ್ಟುವ ಪ್ರಸಂಗವೇ ಬರುವುದಿಲ್ಲ, ಅಷ್ಟರ ಮಟ್ಟಿಗೆ ಅದು ಹೇಳಿದ ಮಾತು ಉಳಿಸಿಕೊಂಡಿದೆ. ಪ್ಲೇಸ್ಟೇಷನ್ 2 ಶುರುವಾಗುವಾಗ ಕಾಣುವ ಕಂಬಗಳು ಮೆಮೊರಿ ಕಾರ್ಡ್‌ನಲ್ಲಿ ದಾಖಲಾದ ಆಟಗಳಿಗೆ ತಕ್ಕಂತೆ ಬೆಳೆಯುತ್ತವೆ. ಚಿತ್ರ ಆ ಕಂಬಗಳು ಸರಿಯುವ ಮೊದಲೇ ಪರದೆಗೆ ಬಂದರೆ ಸ್ವಿಚ್ ಬೇಗನೆ ಬದಲಾಗಿದೆ ಎಂದು ತಿಳಿಯುತ್ತೇನೆ.

ಪೆಟ್ಟಿಗೆಗೆ ಎರಡು ಹೊರದಾರಿಗಳಿವೆ ಎಂಬುದನ್ನು ನಂಬಿ ಕೊಳ್ಳುವವರಿಗೆ ಎಚ್ಚರಿಕೆ. ಒಂದರಲ್ಲಿ ಪಿಕ್ಚರ್ ಟ್ಯೂಬ್ ಟಿವಿ, ಇನ್ನೊಂದರಲ್ಲಿ ಗೆರೆಗಳನ್ನು ದ್ವಿಗುಣಗೊಳಿಸಿ ಹೊಸ ಚಪ್ಪಟೆ ಟಿವಿಗೆ ಕೊಡುವ ಪರಿವರ್ತಕ, ಹೀಗೆ ಎರಡನ್ನೂ ಒಮ್ಮೆಗೇ ಜೋಡಿಸಿದರೆ ಚಿತ್ರ ಮಂಕಾಗುತ್ತದೆ. ಎರಡೂ ಕಡೆ 75 ಓಮ್‌ನ ಭಾರ ಬೀಳುವುದರಿಂದ, ನಡುವೆ ಬಲವರ್ಧಕ ಇಲ್ಲದ ಇಂಥ ಪೆಟ್ಟಿಗೆಯಲ್ಲಿ ಸಂಕೇತ ಇರಬೇಕಾದ ಮಟ್ಟದ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಪರಿವರ್ತಕವನ್ನು ಆಫ್ ಮಾಡಿದರೆ ಸಾಲದು, ಕೇಬಲ್ಲನ್ನೇ ಕಿತ್ತಿಡಬೇಕು. ನಾನು ಬಹುಪಾಲು ಪಿಕ್ಚರ್ ಟ್ಯೂಬ್ ಟಿವಿಯಲ್ಲಿಯೇ ಆಡುವವನಾದ್ದರಿಂದ ಇದು ಸಹಿಸಬಹುದಾದ ದೋಷ. ಕ್ರೋನೊ ಕ್ರಾಸ್‌ನಂಥ ಆಟದಲ್ಲಿ ಮೆನು ತೆರೆದಾಗಲೆಲ್ಲ ಚಿತ್ರ 240 ಗೆರೆಗಳಿಂದ 480 ಗೆರೆಗಳ ಹೆಣೆದ (ಸರಿ, ಬೆಸ ಗೆರೆಗಳನ್ನು ಸರದಿಯಲ್ಲಿ ತೋರಿಸುವ) ಚಿತ್ರಕ್ಕೆ ಬದಲಾಗುತ್ತದೆ; ಹಳೆಯ ಟಿವಿಗೆ ಅದೊಂದು ವಿಷಯವೇ ಅಲ್ಲ, ಪರಿವರ್ತಕದ ಮೂಲಕ ಹೋದರೆ ಹೊಸ ಟಿವಿ ಪ್ರತಿ ಸಲವೂ ಕಪ್ಪಾಗಿ ಚೇತರಿಸಿಕೊಳ್ಳುತ್ತದೆ. ಪರದೆಗೆ ಗುರಿಯಿಡುವ ಪ್ಲೇಸ್ಟೇಷನ್‌ನ ಗನ್‌ಕಾನ್ ಆಟದ ಬಂದೂಕಿನಿಂದ ಆಡುವವರಿಗಂತೂ ಹಳೆಯ ಟಿವಿಯಲ್ಲದೆ ಗತಿಯಿಲ್ಲ. ಆ ಬಂದೂಕು ಕಾಂಪೊಸಿಟ್ ವಿಡಿಯೊದಿಂದ ಸಿಂಕ್ ಪಡೆಯುತ್ತದೆ, ಹಾಗಾಗಿ ಹಳದಿ ಕವಲು ಇರುವ ಕೇಬಲ್ಲನ್ನೇ ಕೊಳ್ಳಬೇಕು.

ಪೆಟ್ಟಿಗೆಯಿಂದ ಹೊರಗೇ ಉಳಿದ ಯಂತ್ರಗಳೂ ಇವೆ. ನಿಂಟೆಂಡೊ 64 ಬದಲಾವಣೆ ಮಾಡಿಸದ ಹೊರತು ಆರ್‌ಜಿಬಿ ಕೊಡುವುದಿಲ್ಲ, ಅದು ಬೆಳಕು ಮತ್ತು ಬಣ್ಣವನ್ನು ಬೇರೆ ಬೇರೆ ತಂತಿಗಳಲ್ಲಿ ಒಯ್ಯುವ ಎಸ್-ವಿಡಿಯೊ ಮೂಲಕ ನೇರವಾಗಿ ಟಿವಿಗೆ ಹೋಗುತ್ತದೆ. ಡ್ರೀಮ್‌ಕಾಸ್ಟ್ ಕಂಪ್ಯೂಟರ್ ಮಾನಿಟರ್‌ನ ವಿಜಿಎಯಲ್ಲಿ 480ಪಿ (480 ಗೆರೆಗಳನ್ನೂ ಹೆಣೆಯದೆ ಒಮ್ಮೆಗೇ ತೋರಿಸುವ) ಚಿತ್ರ ಕೊಡುವಾಗ ಅದನ್ನು ಸ್ಕಾರ್ಟ್‌ಗೆ ಇಳಿಸಲು ಮನಸ್ಸಾಗದೆ ಮಾನಿಟರ್ ಒಂದಕ್ಕೆ ಬಿಟ್ಟುಕೊಟ್ಟಿದ್ದೇನೆ. ಮೊದಲ ಮಾದರಿಯ ಮೆಗಾ ಡ್ರೈವ್‌ನ ಧ್ವನಿಯೂ ಪೆಟ್ಟಿಗೆಯನ್ನು ತಪ್ಪಿಸಿಕೊಂಡು ಹೋಗುತ್ತದೆ. ಆ ಯಂತ್ರದ ಹಿಂಬದಿಯ ಕಿಂಡಿಯಲ್ಲಿ ಬರುವುದು ಮೋನೊ ಧ್ವನಿ, ಸ್ಟೀರಿಯೊ ಬೇಕಿದ್ದರೆ ಮುಂಬದಿಯ ಹೆಡ್‌ಫೋನ್ ಕಿಂಡಿಯೇ ದಾರಿ. ಅಲ್ಲಿಂದ ಆಂಪ್ಲಿಫೈಯರ್‌ಗೆ ತಂತಿ ಎಳೆದು ಸ್ಕಾರ್ಟ್‌ನಲ್ಲಿ ಚಿತ್ರವನ್ನಷ್ಟೇ ಕಳುಹಿಸಿದಾಗ ಗುಂಯ್‌ಗುಟ್ಟುವಿಕೆ ಪೂರ್ತಿ ನಿಂತಿತು. ಕನ್ಸೋಲಿನ ಮೇಲಿರುವ ಜಾರುಗುಂಡಿಯನ್ನು ಬೆರಳಿನಿಂದ ಸರಿಸಿ ಧ್ವನಿ ಹೊಂದಿಸಿಕೊಳ್ಳುವ ಸುಖ ಯಾವ ರಿಮೋಟ್‌ನಲ್ಲಿಯೂ ಇಲ್ಲ, ಮೆಗಾ ಡ್ರೈವ್ ಆಡಲು ಕೂತಾಗಲೆಲ್ಲ ಈಗ ನನ್ನ ಕೈ ಮೊದಲು ಹೋಗುವುದು ಅಲ್ಲಿಗೇ.

ಎರಡು ಮೂರು ಕನ್ಸೋಲ್ ಇರುವವರು ಈ ಪೆಟ್ಟಿಗೆಯನ್ನು ಕೊಳ್ಳಬೇಕಾಗಿಲ್ಲ. ಗುಂಡಿ ಒತ್ತಿ ಆರಿಸುವ ಸಾದಾ ಸ್ವಿಚ್ ಮತ್ತು ಒಳ್ಳೆಯ ಕೇಬಲ್‌ಗಳು ಸಾಕು. ಐದಾರು ಯಂತ್ರಗಳಿದ್ದು, ಬಲವರ್ಧಕವಿರುವ ದುಬಾರಿ ಸ್ವಿಚ್‌ಗೆ ಕೈ ಎಟುಕದಿದ್ದರೆ, ಇದನ್ನು ಕೊಳ್ಳಬಹುದು. ಆದರೆ ಮೊದಲ ದಿನವೇ ಎಂಟೂ ಒಳದಾರಿಗಳನ್ನು ತುಂಬಬೇಡಿ. ಒಂದು ಯಂತ್ರವನ್ನು ಮಾತ್ರ ಜೋಡಿಸಿ, ಬಿಳಿ ಪರದೆಯಲ್ಲಿ ಸದ್ದನ್ನು ಕೇಳಿ, ಆಮೇಲೆ ಎರಡನೆಯದನ್ನು ಪಕ್ಕದ ಒಳದಾರಿಗೆ ಹಾಕದೆ ಒಂದನ್ನು ಬಿಟ್ಟು ಹಾಕಿ. ಪಕ್ಕಪಕ್ಕದ ಒಳದಾರಿಗಳ ನಡುವೆಯೇ ಚಿತ್ರದ ನೆರಳು ಹೆಚ್ಚು ಬೀಳುತ್ತದೆ. ನನ್ನಲ್ಲಿ ಮೆಗಾ ಡ್ರೈವ್ ಮತ್ತು ಸ್ಯಾಟರ್ನ್ ನಡುವೆ ಖಾಲಿ ಬಿಟ್ಟ ಒಂದು ಒಳದಾರಿ ಯಾವ ಕೇಬಲ್‌ಗಿಂತಲೂ ಅಗ್ಗದ ಪರಿಹಾರವಾಯಿತು.