ಉಬುಂಟು 22.04ರಲ್ಲಿ ಇಂಟೆಲ್ ಜೊತೆ ಎನ್ವಿಡಿಯಾ: ಎರಡು ವರ್ಷ ಬಳಸಿದ ಮೇಲೆ

ಇಂಟೆಲ್ ಗ್ರಾಫಿಕ್ಸ್ ಜೊತೆಗೆ ಎನ್ವಿಡಿಯಾದ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಇರುವ, ಉಬುಂಟು ಎಂಬ ಲಿನಕ್ಸ್ ಓಡಿಸುವ ಲ್ಯಾಪ್‌ಟಾಪ್. ಐದಕ್ಕೆ ನಾಲ್ಕು ಅಂಕ. 3ಡಿ ಚಿತ್ರ ಮಾಡುವ ಬ್ಲೆಂಡರ್, ಗೇಮ್ ಎರಡೂ ಚೆನ್ನಾಗಿ ಓಡುತ್ತವೆ. ಒಂದು ಅಂಕ ಕಳೆದದ್ದು ಬ್ಯಾಟರಿ ವಿಷಯಕ್ಕೆ.

ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಪರದೆ ಸಾಮಾನ್ಯವಾಗಿ ಇಂಟೆಲ್ ಕೈಯಲ್ಲಿರುತ್ತದೆ. ಎನ್ವಿಡಿಯಾ ಭಾರಿ ಕೆಲಸ ಮಾಡಿ ಫ್ರೇಮನ್ನು ಅದಕ್ಕೆ ಒಪ್ಪಿಸುತ್ತದೆ, ಕೆಲಸವಿಲ್ಲದಾಗ ಮಲಗಬೇಕು. ಮಲಗದಿದ್ದರೆ ಚಾರ್ಜ್ ಕಣ್ಣೆದುರೇ ಇಳಿಯುತ್ತದೆ. ಬೇಕಾದಾಗ ಮಾತ್ರ ಎನ್ವಿಡಿಯಾ ಬಳಸುವ ಮೋಡ್‌ಗೆ ಟರ್ಮಿನಲ್‌ನಲ್ಲಿ 'ಸುಡೊ ಪ್ರೈಮ್-ಸೆಲೆಕ್ಟ್ ಆನ್-ಡಿಮ್ಯಾಂಡ್' ಕೊಟ್ಟು ರೀಬೂಟ್ ಮಾಡಿದರೆ ಅರ್ಧ ಕೆಲಸ ಆಯಿತು, ಅಷ್ಟೇ. ಕಾರ್ಡ್ ಮಲಗಿದೆಯೇ ಎಂದು ನೋಡಲು ಎನ್ವಿಡಿಯಾ-ಎಸ್‌ಎಂಐ ಓಡಿಸಬೇಡಿ, ಆ ಕಮಾಂಡೇ ಅದನ್ನು ಎಬ್ಬಿಸಿಬಿಡುತ್ತದೆ. ಬದಲಿಗೆ /ಸಿಸ್/ಬಸ್/ಪಿಸಿಐ/ಡಿವೈಸಸ್ ಒಳಗೆ ಕಾರ್ಡ್‌ನ ಫೋಲ್ಡರ್‌ಗೆ ಹೋಗಿ, ಹೆಚ್ಚಾಗಿ ಅದು 0000:01:00.0. ಅಲ್ಲಿ ಪವರ್/ರನ್‌ಟೈಮ್_ಸ್ಟೇಟಸ್ ಫೈಲನ್ನು ಕ್ಯಾಟ್ ಕಮಾಂಡ್‌ನಿಂದ ಓದಿದರೆ ಒಂದೇ ಪದ ಬರುತ್ತದೆ. 'ಸಸ್ಪೆಂಡೆಡ್' ಅಂದರೆ ಸರಿ. ಸುಮ್ಮನಿದ್ದಾಗಲೂ 'ಆಕ್ಟಿವ್' ಅಂದರೆ ಪಕ್ಕದ ಪವರ್/ಕಂಟ್ರೋಲ್ ನೋಡಿ: 'ಆಟೋ' ಇರಬೇಕು, 'ಆನ್' ಅಲ್ಲ. ಅದು ಸರಿಯಿದ್ದರೂ ಮಲಗದಿದ್ದರೆ /ಇಟಿಸಿ/ಮಾಡ್‌ಪ್ರೋಬ್.ಡಿ ಒಳಗೆ ಒಂದು ಕಾನ್ಫ್ ಫೈಲ್ ಮಾಡಿ ಕಾರ್ಡ್ ತಾನೇ ಮಲಗಲು ಬಿಡುವ ಈ ಸಾಲು ಹಾಕಿ:

ಆಪ್ಷನ್ಸ್ ಎನ್ವಿಡಿಯಾ ಎನ್‌ವಿರೆಗ್_ಡೈನಾಮಿಕ್‌ಪವರ್‌ಮ್ಯಾನೇಜ್‌ಮೆಂಟ್=0ಎಕ್ಸ್02

ಆಮೇಲೆ ಬೂಟ್ ಆಗುವಾಗ ಅದು ಜಾರಿಗೆ ಬರಲು 'ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು', ರೀಬೂಟ್. ಇದು ಟ್ಯೂರಿಂಗ್ (ಜಿಟಿಎಕ್ಸ್ 1650 ಸೇರಿರುವ ಎನ್ವಿಡಿಯಾ ಪೀಳಿಗೆ) ಮತ್ತು ಅದರ ನಂತರದ ಕಾರ್ಡ್‌ಗಳಿಗೆ ಮಾತ್ರ. ಅದಕ್ಕೂ ಹಿಂದಿನ ಪಾಸ್ಕಲ್ ಪೀಳಿಗೆಯ ಕಾರ್ಡ್ ಇದ್ದವರು ಪ್ರಯಾಣದಲ್ಲಿ 'ಪ್ರೈಮ್-ಸೆಲೆಕ್ಟ್ ಇಂಟೆಲ್' ಬಳಸುವುದೇ ಮೇಲು.

ಡ್ರೈವರ್ ಹಾಕಿದರೂ ಎನ್ವಿಡಿಯಾ ಕೆಲಸ ಮಾಡದಿದ್ದರೆ ಮೊದಲ ಅನುಮಾನ ಸೆಕ್ಯೂರ್ ಬೂಟ್ ಮೇಲೆ, ಅಂದರೆ ನಂಬಿಕೆಯ ಸಹಿ ಇಲ್ಲದ ಡ್ರೈವರ್ ಮಾಡ್ಯೂಲನ್ನು ತಡೆಯುವ ವ್ಯವಸ್ಥೆ. ಕರ್ನಲ್‌ಗೆ (ಸಿಸ್ಟಮ್‌ನ ತಿರುಳು) ತಕ್ಕಂತೆ ಮಾಡ್ಯೂಲ್ ಕಟ್ಟುವ ಡಿಕೆಎಂಎಸ್ ಮೂಲಕ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಬೂಟ್ ಆದಾಗ ನೀಲಿ ಪರದೆ ಹತ್ತು ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಕೀಬೋರ್ಡ್‌ನ ಒಂದು ಕೀ ಒತ್ತಿ, ಸಹಿಯ ಕೀಯನ್ನು ನೋಂದಾಯಿಸುವ 'ಎನ್‌ರೋಲ್ ಮೋಕ್' ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ತಪ್ಪಿಸಿಕೊಂಡರೆ ಸಹಿ ಒಪ್ಪದೆ ಮಾಡ್ಯೂಲ್ ಲೋಡ್ ಆಗುವುದಿಲ್ಲ, ಮೋಕ್‌ಯೂಟಿಲ್‌ ಕಮಾಂಡ್‌ನಿಂದ ಸಹಿಯ ಕೀ ಮತ್ತೆ ಸೇರಿಸಬೇಕು. ಉಬುಂಟುವೇ ಸಹಿ ಹಾಕಿ ಕೊಡುವ ಲಿನಕ್ಸ್-ಮಾಡ್ಯೂಲ್ಸ್-ಎನ್ವಿಡಿಯಾ ಪ್ಯಾಕೇಜ್ ಹಾಕಿಕೊಂಡರೆ ಈ ರಗಳೆಯೇ ಇಲ್ಲ.

ಕರ್ನಲ್ ಅಪ್‌ಡೇಟ್ ಆದ ಮರುದಿನ ಎನ್ವಿಡಿಯಾ ಮಾಯವಾದರೆ 'ಡಿಕೆಎಂಎಸ್ ಸ್ಟೇಟಸ್' ನೋಡಿ. ಹೊಸ ಕರ್ನಲ್‌ನ ಹೆಸರಿಲ್ಲದಿದ್ದರೆ ಸಾಮಾನ್ಯವಾಗಿ ಮಾಡ್ಯೂಲ್ ಕಟ್ಟಲು ಬೇಕಾದ ಅದರ ಹೆಡರ್ಸ್ ಫೈಲ್‌ಗಳು ಬಂದಿರುವುದಿಲ್ಲ. ಇಂಟೆಲ್ ಪರದೆ ಹೇಗೂ ನಡೆಯುವುದರಿಂದ ಹೊಸ ಕರ್ನಲ್‌ನಲ್ಲೇ ಕುಳಿತು ಹೆಡರ್ಸ್ ಹಾಕಿ.

ಹೊರಗಿನ ಮಾನಿಟರ್ ಜೋಡಿಸುವವರಿಗೆ ಒಂದು ಮಾತು. ಅನೇಕ ಮಾಡೆಲ್‌ಗಳಲ್ಲಿ ಎಚ್‌ಡಿಎಂಐ ಪೋರ್ಟ್ ನೇರ ಎನ್ವಿಡಿಯಾಕ್ಕೆ ಹೋಗುತ್ತದೆ. 'ಇಂಟೆಲ್' ಮೋಡ್‌ನಲ್ಲಿ ಅದು ಕೆಲಸ ಮಾಡದು, ಆನ್-ಡಿಮ್ಯಾಂಡ್‌ನಲ್ಲಿ ಕೇಬಲ್ ಹಾಕಿರುವಷ್ಟೂ ಹೊತ್ತು ಕಾರ್ಡ್ ಎಚ್ಚರವಾಗಿರುತ್ತದೆ. ಪ್ರೊಜೆಕ್ಟರ್‌ಗೆ ಜೋಡಿಸುವ ದಿನ ಚಾರ್ಜರ್ ಮರೆಯಬೇಡಿ.