ಬೈವೇನಾ, ಬ್ರೈಡಲ್‌ವೇನಾ? ರಿಡ್ಜ್‌ವೇ ಮತ್ತು ಚಿಲ್ಟರ್ನ್ಸ್ ಎರಡನ್ನೂ ತುಳಿದು ನೋಡಿದ ಮೇಲೆ

ಇಂಗ್ಲೆಂಡಿನ ರೆಡಿಂಗ್‌ಗೆ ಬಂದ ಹೊಸದರಲ್ಲಿ ಆಫೀಸಿನಲ್ಲಿ ಕೇಳಿದ್ದೆ, ಇಲ್ಲಿ ಮೌಂಟನ್ ಬೈಕ್ ತಗೊಂಡು ಎಲ್ಲಿಗೆ ಹೋಗುತ್ತೀರಿ ಅಂತ. ಕಣ್ಣಿಗೆ ಬೀಳುವ ಹಾಗೆ ಒಂದು ಬೆಟ್ಟವೂ ಇರಲಿಲ್ಲ. ಆಕ್ಸ್‌ಫರ್ಡ್‌ಶೈರ್‌ನಲ್ಲೇ ಅತಿ ಎತ್ತರದ ವೈಟ್‌ಹಾರ್ಸ್ ಹಿಲ್ ಕೂಡ 261 ಮೀಟರ್ ಅಷ್ಟೇ. ಒಬ್ಬರು ರಿಡ್ಜ್‌ವೇ ಅನ್ನುವ ಹಳೇ ದಾರಿ ಅಂದರು, ಇನ್ನೊಬ್ಬರು ಚಿಲ್ಟರ್ನ್ಸ್ ಗುಡ್ಡಗಳ ಕಾಡು ಅಂದರು. ಅವರ ದಾರಿಯನ್ನು ಇವರು ಬೈದರು, ಇವರ ದಾರಿಯನ್ನು ಅವರು.

ತಮಾಷೆ ಅಂದರೆ ಎರಡಕ್ಕೂ ಇಳಿಯುವುದು ಒಂದೇ ಸ್ಟೇಷನ್ನಿನಲ್ಲಿ, ಗೋರಿಂಗ್ ಅಂಡ್ ಸ್ಟ್ರೀಟ್ಲಿ. ಥೇಮ್ಸ್ ಸೇತುವೆ ದಾಟಿ ಪಶ್ಚಿಮಕ್ಕೆ ಹೋದರೆ ರಿಡ್ಜ್‌ವೇ. ದಾಟದೆ ಪೂರ್ವಕ್ಕೆ ತಿರುಗಿದರೆ ಚಿಲ್ಟರ್ನ್ಸ್. ಎರಡು ವರ್ಷದಿಂದ ಆ ಸ್ಟೇಷನ್ ಹೊರಗೆ ನಿಂತು ಎಡವೋ ಬಲವೋ ಅಂತ ಯೋಚಿಸುತ್ತಿದ್ದೇನೆ.

ಹೊರಡುವ ಮುಂಚೆ ದಾರಿಗಳ ಜಾತಿ ಗೊತ್ತಿರಬೇಕು. ಫುಟ್‌ಪಾತ್ ಅಂದರೆ ಇಲ್ಲಿ ಹೊಲದ ನಡುವಿನ ಕಾಲುದಾರಿ, ಹಳದಿ ಬಾಣ, ಸೈಕಲ್‌ಗೆ ಹಕ್ಕಿಲ್ಲ. ಬ್ರೈಡಲ್‌ವೇ ಕುದುರೆಯವರ ದಾರಿ, ನೀಲಿ ಬಾಣ. 1968ರ ಕಂಟ್ರಿಸೈಡ್ ಕಾಯ್ದೆ ಬಂದ ಮೇಲೆ ಅದರಲ್ಲಿ ಸೈಕಲ್ ತುಳಿಯಬಹುದು. ಆದರೆ ನಡೆಯುವವರಿಗೂ ಕುದುರೆಗೂ ನಾವೇ ದಾರಿ ಬಿಡಬೇಕು. ಬೈವೇ ಅಗಲದ ಮಣ್ಣು ರಸ್ತೆ, ಕೆಂಪು ಬಾಣ, ಜೀಪೂ ಬರಬಹುದು. ಮೋಟಾರು ಗಾಡಿ ಬೇಡ ಅಂದಿರುವ ಬೈವೇಗೆ ನೇರಳೆ ಬಾಣ.

ರಿಡ್ಜ್‌ವೇ ಪೂರ್ತಿ 139 ಕಿಲೋಮೀಟರ್. ಏವ್‌ಬರಿ ಹತ್ತಿರದ ಓವರ್ಟನ್ ಹಿಲ್‌ನಿಂದ ಐವಿಂಗೋ ಬೀಕನ್ ತನಕ. ಅದರಲ್ಲಿ ಸ್ಟ್ರೀಟ್ಲಿಯಿಂದ ಪಶ್ಚಿಮದ ಅರ್ಧ, ಹತ್ತಿರ ಹತ್ತಿರ 70 ಕಿಲೋಮೀಟರ್, ಸೈಕಲ್‌ಗೆ ಸಿಗುತ್ತದೆ. ಅಗಲ ಎಷ್ಟಿದೆ ಅಂದರೆ ಎರಡು ಎತ್ತಿನ ಗಾಡಿ ಎದುರುಬದುರು ಬಂದರೂ ತಿಕ್ಕಾಡದೆ ಹೋಗಬಹುದು. ದನ ಹೊಡೆದುಕೊಂಡು ಸಂತೆಗೆ ಹೋಗುತ್ತಿದ್ದವರು ಬಳಸಿದ ದಾರಿಯಂತೆ, ನೋಡಿದರೆ ನಂಬಿಕೆ ಬರುತ್ತದೆ. ಸ್ಟ್ರೀಟ್ಲಿಯಿಂದ ಒಂದು ಏರು ಹತ್ತಿದರೆ ಆಮೇಲೆ ಗುಡ್ಡದ ಬೆನ್ನಿನ ಮೇಲೆಯೇ ಸವಾರಿ. ಬಲಗಡೆ ಬಯಲು. ಹಾರ್ವೆಲ್ ಹತ್ತಿರ ಬೆಳ್ಳಿ ಬಳೆ ಇಟ್ಟ ಹಾಗೆ ಒಂದು ಕಟ್ಟಡ ಕಾಣುತ್ತದೆ. ಡೈಮಂಡ್ ಲೈಟ್ ಸೋರ್ಸ್ ಅಂತ, ವಿಜ್ಞಾನಿಗಳ ಯಂತ್ರ. ಡಿಡ್ಕಾಟ್ ವಿದ್ಯುತ್ ಸ್ಥಾವರದ ಆರು ದೊಡ್ಡ ಟವರ್‌ಗಳೂ ಇಲ್ಲಿಂದ ಕಾಣುತ್ತಿದ್ದವಂತೆ. 2014ರಲ್ಲಿ ಮೂರನ್ನು, 2019ರಲ್ಲಿ ಉಳಿದ ಮೂರನ್ನು ಉರುಳಿಸಿದರು. ಹಳಬರು ಈಗಲೂ ಆ ಕಡೆ ಕೈ ತೋರಿಸಿ ಹೇಳುತ್ತಾರೆ.

ನೆಲದ ವಿಷಯಕ್ಕೆ ಬರೋಣ. ರಿಡ್ಜ್‌ವೇ ನೆಲ ಸೀಮೆಸುಣ್ಣ. ಮೇಲೆ ಅಲ್ಲಲ್ಲಿ ಹುಲ್ಲು, ನಡುವೆ ಚಕಮಕಿ ಕಲ್ಲು. ಒಣಗಿದ್ದಾಗ ಡಾಂಬರು ರಸ್ತೆಯ ಹಾಗೆ ಓಡುತ್ತದೆ. ಒಂದು ಮಳೆ ಬಿದ್ದರೆ ಒದ್ದೆ ಸೋಪು. ಮೊದಲ ಅಕ್ಟೋಬರ್‌ನಲ್ಲಿ ನನಗೆ ಇದು ಗೊತ್ತಿರಲಿಲ್ಲ. ಟ್ರ್ಯಾಕ್ಟರ್ ಚಕ್ರ ಕೊರೆದ ಎರಡು ಜಾಡು, ಮೊಣಕಾಲಿನ ಅರ್ಧದಷ್ಟು ಆಳ. ಎಡದ ಜಾಡಿನಲ್ಲಿ ನೀರು ನಿಂತಿತ್ತು, ಬಲಕ್ಕೆ ಹೋಗೋಣ ಅಂತ ಹ್ಯಾಂಡಲ್ ತಿರುಗಿಸಿದೆ. ಹ್ಯಾಂಡಲ್ ತಿರುಗಿತು, ಚಕ್ರ ತಿರುಗಲಿಲ್ಲ. ಜಾಡಿನ ಅಂಚಿಗೆ ಒರಗಿಕೊಂಡೇ ಜಾರಿತು, ನಾನು ನಿಧಾನವಾಗಿ, ಮರ್ಯಾದೆಯಿಂದ, ಪಕ್ಕಕ್ಕೆ ಮಲಗಿದೆ. ಏಟೇನೂ ಆಗಲಿಲ್ಲ. ರೈಲಿನಲ್ಲಿ ಕೂತ ಮೇಲೆ ಸುಣ್ಣ ಒಣಗಿ ಮೈಯೆಲ್ಲ ವಿಭೂತಿ ಬಳಿದುಕೊಂಡ ಹಾಗಿತ್ತು.

ಇನ್ನೊಂದು ಶತ್ರು ಗಾಳಿ. ಗುಡ್ಡದ ಮೇಲೆ ಮರೆ ಇಲ್ಲ, ಗಾಳಿ ಬೀಸುವುದು ಹೆಚ್ಚಾಗಿ ನೈಋತ್ಯದಿಂದ. ಗೋರಿಂಗ್‌ನಿಂದ ಹೊರಟರೆ ಅದು ನೇರ ಮುಖಕ್ಕೆ. ಈಗ ನಾನು ಸ್ವಿಂಡನ್‌ಗೆ ರೈಲಿನಲ್ಲಿ ಹೋಗಿ, ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ವಾಪಸ್ ಬರುತ್ತೇನೆ. ದೂರದ ರೈಲಿನಲ್ಲಿ ಸೈಕಲ್‌ಗೆ ಮೊದಲೇ ಜಾಗ ಬುಕ್ ಮಾಡಿಕೊಂಡರೆ ಒಳ್ಳೆಯದು, ಅದೊಂದು ತಲೆನೋವು. ಹೀಗೆ ಬಂದರೆ ವೇಲ್ಯಾಂಡ್ಸ್ ಸ್ಮಿದಿಯ ಕಲ್ಗೋರಿ, ಆಮೇಲೆ ಅಫಿಂಗ್ಟನ್‌ನ ಬಿಳಿ ಕುದುರೆ ಸಿಗುತ್ತವೆ. ಕುದುರೆಗೆ ಸುಮಾರು 3,000 ವರ್ಷ, ಉದ್ದ 110 ಮೀಟರ್. ಹುಲ್ಲು ಕೆತ್ತಿ ಸುಣ್ಣ ತುಂಬಿ ಬರೆದದ್ದು. ಈಗಲೂ ವರ್ಷಕ್ಕೊಮ್ಮೆ ಜನ ಸುತ್ತಿಗೆ ಹಿಡಿದು ಹೊಸ ಸುಣ್ಣ ಕುಟ್ಟಿ ಬಿಳಿ ಮಾಡುತ್ತಾರೆ. ಪಕ್ಕದಲ್ಲೇ ನಿಂತರೆ ಕಾಣುವುದು ಒಂದು ಕಾಲೋ ಕಿವಿಯೋ ಅಷ್ಟೇ. ಪೂರ್ತಿ ನೋಡಬೇಕಾದರೆ ಕೆಳಗೆ ಇಳಿಯಬೇಕು. ಇಳಿದರೆ ಮತ್ತೆ ಹತ್ತಬೇಕು, ಅಲ್ವಾ?

ಚಿಲ್ಟರ್ನ್ಸ್‌ನಲ್ಲಿ ಇಷ್ಟು ದೂರ ಏನೂ ಕಾಣುವುದಿಲ್ಲ. ಸಣ್ಣ ಬ್ರೈಡಲ್‌ವೇ, ಎರಡೂ ಕಡೆ ಬೀಚ್ ಮರ, ಹೆಜ್ಜೆಗೊಂದು ತಿರುವು, ತಿರುವಿಗೊಂದು ಗೇಟು. ಏರು ಚಿಕ್ಕದು, ಆದರೆ ಕಡಿದು. ಕ್ರಿಸ್ಮಸ್ ಕಾಮನ್ ಸುತ್ತಮುತ್ತ ದಿನಕ್ಕೆ ನಾಲ್ಕೈದು ಸಲ ಹತ್ತಿಳಿದರೆ ತೊಡೆ ಕೇಳುತ್ತದೆ, ಬೆಟ್ಟ ಇಲ್ಲ ಅಂದಿದ್ದೆಯಲ್ಲ ಅಂತ. ತಲೆ ಮೇಲೆ ಕೆಂಪು ಗರುಡ, ಅಂದರೆ ರೆಡ್ ಕೈಟ್, ಸಿಳ್ಳೆ ಹಾಕುತ್ತಿರುತ್ತದೆ. ಈ ಕಡೆ ಪೂರ್ತಿ ಇಲ್ಲವಾಗಿದ್ದ ಹಕ್ಕಿ. 1989ರಿಂದ 1994ರವರೆಗೆ ಸ್ಪೇನ್‌ನಿಂದ ಮರಿ ತಂದು ಬಿಟ್ಟರು. ಈಗ ನಮ್ಮೂರಿನ ಕಾಗೆಗಳಷ್ಟು ಧೈರ್ಯ ಅವಕ್ಕೆ.

ಕುದುರೆಗಳೂ ಇಲ್ಲೇ ಜಾಸ್ತಿ. ಒಂದು ಸಲ ತಿರುವಿನಲ್ಲಿ ಎದುರಿಗೇ ಬಂತು, ಕಂದು ಬಣ್ಣದ ಎತ್ತರದ ಕುದುರೆ. ನಾನು ಒಳ್ಳೆಯವನ ಹಾಗೆ ಸೈಕಲ್ ಇಳಿದು, ಬೇಲಿಗೆ ಅಂಟಿಕೊಂಡು, ಸುಮ್ನೆ ನಿಂತೆ. ಕುದುರೆ ಕಿವಿ ಚೂಪು ಮಾಡಿ ಹಿಂದೆ ಹಿಂದೆ ಸರಿಯಿತು. ಮೇಲೆ ಕೂತಿದ್ದ ಹೆಂಗಸು ಹೇಳಿದರು: "ದಯವಿಟ್ಟು ಏನಾದರೂ ಮಾತಾಡಿ. ಸುಮ್ನೆ ಅಡಗಿ ನಿಂತರೆ ಇವನಿಗೆ ಭಯ." ಆ ಕ್ಷಣಕ್ಕೆ ಇಂಗ್ಲಿಷ್ ಒಂದು ಪದವೂ ಬಾಯಿಗೆ ಬರಲಿಲ್ಲ. "ಏನಪ್ಪಾ ರಾಜ, ಹೆದರಬೇಡ, ಬಾ ಬಾ" ಅಂದೆ. ಕಿವಿ ಸಡಿಲವಾಯಿತು, ಕುದುರೆ ನನ್ನ ಭುಜಕ್ಕೆ ಉಸಿರು ಬಿಟ್ಟು ದಾಟಿ ಹೋಯಿತು. ರಿಡ್ಜ್‌ವೇಯ ಅಗಲದಲ್ಲಿ ಇಷ್ಟು ಹತ್ತಿರ ಯಾರೂ ಸಿಗುವುದಿಲ್ಲ.

ಚಿಲ್ಟರ್ನ್ಸ್‌ನ ಕಷ್ಟ ಮುಳ್ಳು. ಹಕ್ಕಿ ಗೂಡು ಕಟ್ಟುವ ಕಾಲ ಮುಗಿಯುವ ತನಕ ರೈತರು ಬೇಲಿ ಮುಟ್ಟುವುದಿಲ್ಲ. ಸೆಪ್ಟೆಂಬರ್ ಬಂತೋ, ಟ್ರ್ಯಾಕ್ಟರ್ ತಂದು ಕತ್ತರಿಸುತ್ತಾರೆ, ಬ್ಲ್ಯಾಕ್‌ಥಾರ್ನ್ ಮುಳ್ಳು ದಾರಿ ತುಂಬ. ಒಂದೇ ಮಧ್ಯಾಹ್ನ ಮೂರು ಪಂಚರ್ ಹಾಕಿ ಬೇಸತ್ತು ಟ್ಯೂಬ್‌ಲೆಸ್ ಮಾಡಿಸಿದೆ. ಇನ್ನೊಂದು ಮೋಸ ನಕ್ಷೆಯದ್ದು. ಥೇಮ್ಸ್ ದಾಟಿದ ಮೇಲೂ ರಿಡ್ಜ್‌ವೇಯ ಓಕ್ ಕಾಯಿ ಗುರುತು ಮುಂದುವರಿಯುತ್ತದೆ. ಆದರೆ ಮಂಗ್‌ವೆಲ್‌ನಿಂದ ನಫೀಲ್ಡ್‌ಗೆ ಹೋಗುವ ಗ್ರಿಮ್ಸ್ ಡಿಚ್ ಭಾಗ ಬರೀ ಫುಟ್‌ಪಾತ್. ಫೋನಿನ ಆ್ಯಪ್ ನನ್ನನ್ನು ಅದರೊಳಗೇ ನುಗ್ಗಿಸಿತ್ತು. ನಾಯಿ ಜೊತೆ ಬಂದ ಅಜ್ಜ ಒಂದು ಮಾತೂ ಆಡದೆ ಕೋಲಿನಿಂದ ಹಳದಿ ಬಾಣ ತೋರಿಸಿದರು. ಬೈದಿದ್ದರೆ ವಾಸಿಯಿತ್ತು. ಅವತ್ತಿನಿಂದ ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನನ್ಸ್ ಸರ್ವೆಯ 1:25,000 ನಕ್ಷೆ ನೋಡುತ್ತೇನೆ. ಅದರಲ್ಲಿ ಹಸಿರು ತುಂಡುಗೆರೆ ಉದ್ದುದ್ದ ಇದ್ದರೆ ಬ್ರೈಡಲ್‌ವೇ, ಚಿಕ್ಕಚಿಕ್ಕ ಇದ್ದರೆ ಫುಟ್‌ಪಾತ್. ಕನ್ನಡಕ ಬೇಕು.

ಯಾವ ಸೈಕಲ್ ಅಂತ ಕೇಳುವವರಿಗೆ: ಗೆಳೆಯನ 40 ಮಿಲಿಮೀಟರ್ ಟೈರಿನ ಗ್ರ್ಯಾವೆಲ್ ಸೈಕಲ್ ತಂದು ಎರಡೂ ಕಡೆ ಓಡಿಸಿದೆ. ಜುಲೈನ ರಿಡ್ಜ್‌ವೇಯಲ್ಲಿ ಅದೇ ಮುಂದು. ಆದರೆ ಚಕಮಕಿ ಕಲ್ಲಿನ ಇಳಿಜಾರಿನಲ್ಲಿ ಬೆರಳು ಜೋಮು ಹಿಡಿಯಿತು. ಚಿಲ್ಟರ್ನ್ಸ್ ಬೇರುಗಳ ಮೇಲೆ ಅದು ಶಿಕ್ಷೆ. ನನ್ನ ಹಳೇ ಹಾರ್ಡ್‌ಟೇಲ್, ಮುಂದೊಂದು ಶಾಕ್, 2.25 ಇಂಚಿನ ಟೈರು, ಎರಡಕ್ಕೂ ಸಾಕು. ಹಿಂದೆಯೂ ಶಾಕ್ ಇರುವ ದುಬಾರಿ ಸೈಕಲ್ ಇಲ್ಲಿಗೆ ದಂಡ.

ದಕ್ಷಿಣ ಕರಾವಳಿ ಕಡೆಯ ಗುಡ್ಡಗಳ ದಾರಿ ಸೌತ್ ಡೌನ್ಸ್ ವೇಗೆ ಒಮ್ಮೆ ಮಾತ್ರ ಹೋಗಿದ್ದೆ, ಆಂಬರ್ಲಿಯಿಂದ ಡೆವಿಲ್ಸ್ ಡೈಕ್ ತನಕ. 160 ಕಿಲೋಮೀಟರೂ ಸೈಕಲ್‌ಗೆ ಮುಕ್ತ, ಒಂದು ಕಡೆ ಸಮುದ್ರ ಕಾಣುತ್ತದೆ. ಚೆನ್ನಾಗಿದೆ. ರೆಡಿಂಗ್‌ನಿಂದ ರೈಲು ಬದಲಿಸಿ ಬದಲಿಸಿ ಸಾಕಾಯಿತು.

ಊರಿಂದ ನೆಂಟರು ಬಂದರೆ ಬೇಸಿಗೆಯಲ್ಲಿ ರಿಡ್ಜ್‌ವೇಗೇ ಕರೆದುಕೊಂಡು ಹೋಗುತ್ತೇನೆ. ಜನವರಿಯಲ್ಲಿ ನೆಲ ಹೆಪ್ಪುಗಟ್ಟಿದ ಬೆಳಿಗ್ಗೆಯೂ ಅದೇ ಒಳ್ಳೆಯದು, ಸೂರ್ಯ ಏರುವ ಮುಂಚೆ ಮುಗಿಸಬೇಕು. ನನ್ನ ಪಾಡಿಗೆ ನಾನು ಹೊರಟರೆ ಮಾತ್ರ ಸೇತುವೆ ದಾಟುವುದಿಲ್ಲ. ಹೆಂಡತಿಯ ತೀರ್ಪು ಬೇರೆ. ಸುಣ್ಣ ಒಣಗಿದ ಮೇಲೆ ಬ್ರಷ್ಷಿಗೆ ಉದುರುತ್ತದೆ. ಚಿಲ್ಟರ್ನ್ಸ್‌ನ ಕೆಂಪು ಜೇಡಿ ನಮ್ಮ ಬಾಡಿಗೆ ಮನೆಯ ಕಾರ್ಪೆಟ್‌ನಲ್ಲಿ ಹೋದ ನವೆಂಬರ್‌ನಿಂದ ಹಾಗೇ ಕೂತಿದೆ.