ಗದ್ದೆ ಕೆಸರಿಗಿಳಿದ ಟ್ರಾಕ್ಸಸ್ ಸ್ಲ್ಯಾಶ್

ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ಆರ್‌ಸಿ ಕಾರು (ರಿಮೋಟಿನಲ್ಲಿ ಓಡಿಸುವ ಪುಟ್ಟ ಕಾರು) ಓಡಿಸುತ್ತೇನೆ ಅಂದರೆ ನೀರು, ಕೆಸರು ತಪ್ಪಿದ್ದಲ್ಲ. ಮೊದಲು ತಂದಿದ್ದ ಅಗ್ಗದ ಗಾಡಿ (ಹೆಸರು ಬೇಡ ಬಿಡಿ) ಒಂದೇ ಹೊಂಡಕ್ಕೆ ಸುಟ್ಟ ವಾಸನೆ ಬಿಟ್ಟು ಮಲಗಿತು. ಈಗಿರುವುದು ಟ್ರಾಕ್ಸಸ್ ಸ್ಲ್ಯಾಶ್, 1/10 ಅಳತೆಯ ಟೂ ವೀಲ್ ಡ್ರೈವ್. ಎರಡು ಮಳೆಗಾಲ ಕಂಡಿದೆ.

ಎಕ್ಸ್‌ಎಲ್-5 ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸಾಧನ), ಸರ್ವೋ (ಮುಂದಿನ ಚಕ್ರ ಎಡಬಲ ತಿರುಗಿಸುವ ಪುಟ್ಟ ಮೋಟಾರು) ಎರಡೂ ವಾಟರ್‌ಪ್ರೂಫ್. ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್ ಪೆಟ್ಟಿಗೆಗೂ ಸೀಲ್ ಇದೆ. ಅದಕ್ಕೆ ಸಿಲಿಕೋನ್ ಗ್ರೀಸ್ ಸವರಿ, ವಯರು ಸಿಕ್ಕಿಕೊಳ್ಳದ ಹಾಗೆ ಮುಚ್ಚಳ ಕೂರಿಸಬೇಕು. ಹಾಗಂತ ಇದು ಜಲಾಂತರ್ಗಾಮಿಯಲ್ಲ, ಮುಳುಗಿಸಬೇಡಿ. ನನಗೆ ನೀರಿಗಿಂತ ಕೆಸರಿನದೇ ಭಯ. ಅಂಟುಮಣ್ಣು ಚಕ್ರಕ್ಕೆ ಮೆತ್ತಿದರೆ ಮೋಟಾರು ಕಾದು ಮುಟ್ಟಲಾಗದು. ನಾನು ಚಿಕ್ಕ ಪಿನಿಯನ್ (ಮೋಟಾರಿನ ತುದಿಯ ಹಲ್ಲುಗಾಲಿ) ಹಾಕಿ, ಆಗಾಗ ನಿಲ್ಲಿಸಿ ಆರಲು ಬಿಡುತ್ತೇನೆ.

ಆಟ ಮುಗಿದ ಮೇಲಿನ ಚಾಕರಿಯೇ ಬೇಜಾರು. ಥ್ರಾಟಲ್ ಕೊಟ್ಟು ಟಯರಿನೊಳಗಿನ ನೀರು ಚಿಮ್ಮಿಸಬೇಕು, ಬ್ಯಾಟರಿ ತೆಗೆಯಬೇಕು, ಮಣ್ಣು ತೊಳೆದು ಒಣಗಿಸಿ ಒಂದೊಂದು ಬೇರಿಂಗಿಗೂ ಎಣ್ಣೆ ಬಿಡಬೇಕು. ಒಮ್ಮೆ 'ನಾಳೆ ನೋಡೋಣ' ಅಂತ ಕೊಟ್ಟಿಗೆಯಲ್ಲಿಟ್ಟೆ. ವಾರದಲ್ಲಿ ಮುಂದಿನ ಚಕ್ರದ ಬೇರಿಂಗ್ ತುಕ್ಕು ಹಿಡಿದು ಕಿರುಗುಟ್ಟಿತು. ತಪ್ಪು ನನ್ನದೇ. ಬಚ್ಚಲಲ್ಲಿ ಗಾಡಿ ತೊಳೆಯುವುದಕ್ಕೆ ಅಮ್ಮನ ಬೈಗುಳ ಬೇರೆ.

ಬೆಲೆ ಜಾಸ್ತಿಯೇ. ಆದರೂ ಮಳೆ ನಿಲ್ಲಲಿ ಅಂತ ಕಾಯುವ ಕಷ್ಟ ತಪ್ಪಿದೆ.